ಶಾಲು ಹೊದಿಸಿದ ಮೇಲೆ
(ಸಂಘದ ಬೆಳ್ಳಿಹಬ್ಬದ ನಿಮಿತ್ತ ಆಡಳಿತ ಮಂಡಳಿ ಸದಸ್ಯರು ಮತ್ತು ನೌಕರರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಹಳ್ಳಿಯ ಹಾಲಿನ ಸಂಘ ಒಡೆಯದೆ ನಡೆದುಕೊಂಡು ಬಂದಿದೆ ಅಂದರೆ ಅದು ಸಣ್ಣ ಮಾತಲ್ಲ. ಚುನಾವಣೆ ಬಂದಿದೆ, ಬರ ಬಂದಿದೆ, ಕಾಲುಬಾಯಿ ಜ್ವರ ಬಂದಿದೆ, ಊರಲ್ಲಿ ಎರಡು ಪಾರ್ಟಿ ಆಗಿದೆ. ಆದರೂ ಬೆಳಿಗ್ಗೆ ಆರು ಗಂಟೆಗೆ ಸಂಘದ ಬಾಗಿಲು ತೆಗೆದಿದೆ. ಆ ಬಾಗಿಲು ತೆಗೆದವರ ವಿಷಯವಾಗಿ ನಾಲ್ಕು ಮಾತು ಹೇಳಿ ಅಂತ ಅಧ್ಯಕ್ಷರು ನನ್ನನ್ನು ಕರೆದಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ವಿಷಯವನ್ನು "ಸಹಕಾರ ಸಂಘಗಳಲ್ಲಿ ಆಡಳಿತ ನಿರ್ವಹಣೆ ಮತ್ತು ನೌಕರರಿಗೆ ಪ್ರೇರಣೆ" ಎಂದು ದೊಡ್ಡದಾಗಿ ಅಚ್ಚು ಹಾಕಿಸಿದ್ದೀರಿ. ಅಷ್ಟು ದೊಡ್ಡ ಹೆಸರಿಗೆ ನಾನು ತಕ್ಕವನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಾಲಿನ ಸಂಘದ ಕಾರ್ಯದರ್ಶಿಯಾಗಿ ಕ್ಯಾನು ಎಣಿಸಿದವನು. ನಡುವೆ ತರಬೇತಿಗಳಿಗೆ ಕಳಿಸಿದರು, ಅಲ್ಲಿ ಕೇಳಿದ್ದಿಷ್ಟು, ಓದಿದ್ದಿಷ್ಟು, ಕೈ ಸುಟ್ಟುಕೊಂಡು ಕಲಿತದ್ದಿಷ್ಟು. ಮೂರನ್ನೂ ಕಲಸಿ ಹೇಳುತ್ತೇನೆ.

ಈಗ ತಾನೇ ನಿಮ್ಮ ಸಂಘದ ಮೂವರು ನೌಕರರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಬಹಳ ಸಂತೋಷ. ನನಗೂ ನಿವೃತ್ತಿಯ ದಿನ ಒಂದು ಶಾಲು ಸಿಕ್ಕಿತು. ಬೀರುವಿನಲ್ಲಿ ಇದೆ. ಅದನ್ನು ಹೊದ್ದುಕೊಳ್ಳುವ ಸಂದರ್ಭ ಇನ್ನೂ ಬಂದಿಲ್ಲ! ನಾನು ಮಾತಾಡಬೇಕಾದದ್ದು ಶಾಲು ಹೊದಿಸಿದ ಮಾರನೇ ದಿನದ ಬಗ್ಗೆ.

ತರಬೇತಿಗೆ ಹೋದವರೆಲ್ಲ ಒಂದು ಕಥೆ ಕೇಳಿರುತ್ತೀರಿ. ಅಮೆರಿಕದ ಷಿಕಾಗೋ ಹತ್ತಿರ ಹಾಥಾರ್ನ್ ಅಂತ ಒಂದು ಕಾರ್ಖಾನೆ, ಟೆಲಿಫೋನ್ ಸಾಮಾನು ತಯಾರಿಸುವುದು. ಅಲ್ಲಿ 1924ರಿಂದ ದೀಪದ ಬೆಳಕು ಹೆಚ್ಚು ಮಾಡಿ, ಕಡಿಮೆ ಮಾಡಿ, ಕೆಲಸ ಹೇಗೆ ಆಗುತ್ತದೆ ಅಂತ ನೋಡಿದರು. 1927ರಿಂದ ಕೆಲವು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ನಡುವೆ ವಿರಾಮ ಕೊಟ್ಟರು, ತಿಂಡಿ ಕೊಟ್ಟರು, ಕೆಲಸದ ಹೊತ್ತು ಇಳಿಸಿದರು. ಏನು ಮಾಡಿದರೂ ಉತ್ಪಾದನೆ ಏರುತ್ತಲೇ ಹೋಯಿತು. ಕೊಟ್ಟ ಸೌಲಭ್ಯ ತೆಗೆದಾಗಲೂ ಅಷ್ಟಾಗಿ ಬೀಳಲಿಲ್ಲ. ಆದ್ದರಿಂದ ನೌಕರನಿಗೆ ಮುಖ್ಯವಾದದ್ದು ಸೌಲಭ್ಯವಲ್ಲ, ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಾವನೆ, ಅಂತ ಎಲ್ಟನ್ ಮೇಯೋ ಎಂಬ ಪ್ರಾಧ್ಯಾಪಕರ ಹೆಸರು ಹೇಳಿ ತರಬೇತಿಯಲ್ಲಿ ಕಲಿಸುತ್ತಾರೆ. ಎರಡು ಒಳ್ಳೆ ಮಾತಾಡಿ, ಬೆನ್ನು ತಟ್ಟಿ, ಕೆಲಸ ಆಗುತ್ತದೆ ಅನ್ನುವಷ್ಟಕ್ಕೆ ಆ ಪಾಠ ಮುಗಿಯುತ್ತದೆ. ಆಡಳಿತ ಮಂಡಳಿಗಳಿಗೆ ಬಹಳ ಹಿಡಿಸುವ ಪಾಠ, ಯಾಕೆಂದರೆ ಖರ್ಚಿಲ್ಲ.

ಆ ಕಥೆಯ ಇನ್ನೊಂದು ಭಾಗವನ್ನು ತರಬೇತಿಯಲ್ಲಿ ಹೇಳುವುದು ಕಡಿಮೆ. ಆ ಕೋಣೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಕೂಲಿಯ ಲೆಕ್ಕವನ್ನೇ ಬದಲಿಸಿದ್ದರು. ದೊಡ್ಡ ವಿಭಾಗದ ಗುಂಪಿನಲ್ಲಿ ಹಂಚಿಹೋಗುತ್ತಿದ್ದ ಹಣವನ್ನು ಆ ಸಣ್ಣ ಗುಂಪಿನ ಕೆಲಸದ ಮೇಲೇ ಕೊಡುವ ಹಾಗೆ ಮಾಡಿದ್ದರು. ಮತ್ತೆ, ಕೆಲಸದಲ್ಲಿ ಮಾತು ಜಾಸ್ತಿ, ಹೇಳಿದ ಹಾಗೆ ಕೇಳುವುದಿಲ್ಲ ಅಂತ 1928ರಲ್ಲಿ ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ತಂದು ಕೂರಿಸಿದರು. ಹೀಗಾಗಿ ಏರಿದ್ದು ಗಮನ ಕೊಟ್ಟಿದ್ದರಿಂದಲೋ, ಕೂಲಿಯಿಂದಲೋ, ಭಯದಿಂದಲೋ ಅಂತ ಆಮೇಲೆ ಎಷ್ಟೋ ಜನ ವಿದ್ವಾಂಸರು ತಕರಾರು ಎತ್ತಿದರು. ನಾನು ಆ ಪ್ರಯೋಗ ಸುಳ್ಳು ಅನ್ನುವುದಿಲ್ಲ. ಬೆನ್ನು ತಟ್ಟಿದರೆ ಸಾಕು ಅನ್ನುವವರು ಆ ಕಥೆಯನ್ನು ಪೂರ್ತಿ ಕೇಳಿಲ್ಲ ಅಂತ ಮಾತ್ರ ಅನ್ನುತ್ತೇನೆ.

ಅದಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಹರ್ಜ್‌ಬರ್ಗ್ ಎಂಬುವರ ಮಾತು. 1959ರಲ್ಲಿ ಅವರ ಪುಸ್ತಕ ಬಂತು. ಎಂಜಿನಿಯರುಗಳನ್ನೂ ಲೆಕ್ಕಪತ್ರದವರನ್ನೂ ಕೂರಿಸಿಕೊಂಡು, ಕೆಲಸದಲ್ಲಿ ನಿಮಗೆ ಬಹಳ ಸಂತೋಷವಾದದ್ದು ಯಾವಾಗ, ಬಹಳ ಬೇಸರವಾದದ್ದು ಯಾವಾಗ ಅಂತ ಕೇಳಿದರು. ಬೇಸರದ ಕಾರಣಗಳೇ ಬೇರೆ, ಸಂತೋಷದ ಕಾರಣಗಳೇ ಬೇರೆ ಅಂತ ಕಂಡುಬಂತು. ಸಂಬಳ, ಮೇಲಿನವರ ನಡವಳಿಕೆ, ಕೆಲಸದ ಜಾಗ, ಸಂಸ್ಥೆಯ ನೀತಿ ನಿಯಮ, ಇವು ಕೆಟ್ಟರೆ ಮನುಷ್ಯ ಕುದಿಯುತ್ತಾನೆ. ಸರಿಯಾದರೆ ಕುದಿಯುವುದು ನಿಲ್ಲುತ್ತದೆ, ಅಷ್ಟೇ. ಕೆಲಸದಲ್ಲಿ ಹುರುಪು ಬರುವುದು ಕೆಲಸದಿಂದಲೇ: ಏನೋ ಸಾಧಿಸಿದೆ, ನಾಲ್ಕು ಜನ ಒಪ್ಪಿದರು, ಜವಾಬ್ದಾರಿ ಕೊಟ್ಟರು, ಹೊಸದು ಕಲಿತೆ, ಇಂಥವುಗಳಿಂದ. ನಮ್ಮ ಹಳ್ಳಿ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಕೊಟ್ಟಿಗೆ ಗುಡಿಸುವುದು, ಎರಡನೆಯದು ಮೇವು ಹಾಕುವುದು. ಕೊಟ್ಟಿಗೆ ಎಷ್ಟು ಚೊಕ್ಕಟ ಮಾಡಿದರೂ ಅದರಿಂದ ಹಾಲು ಬರುವುದಿಲ್ಲ. ಗುಡಿಸದೆ ಬಿಟ್ಟರೆ ಮಾತ್ರ ಕೆಚ್ಚಲುಬಾವು ಗ್ಯಾರಂಟಿ.

ಇದು ಪುಸ್ತಕದ ಮಾತಾಯಿತು. ಈಗ ನಡೆದ ಸಂಗತಿ ಹೇಳುತ್ತೇನೆ. ಸಂಘದ ಹೆಸರು ಬೇಡ, ಜನರ ಹೆಸರೂ ಬೇಡ. ತಪ್ಪಿನಲ್ಲಿ ನನ್ನ ಪಾಲು ಇದೆ, ಅದನ್ನು ಮಾತ್ರ ಮುಚ್ಚಿಡುವುದಿಲ್ಲ.

1980ರ ದಶಕದ ಕೊನೆ. ನಾನು ಕಾರ್ಯದರ್ಶಿಯಾಗಿದ್ದ ಸಂಘದಲ್ಲಿ ಒಬ್ಬ ಟೆಸ್ಟರ್ ಇದ್ದ. ಎಸ್.ಎಸ್.ಎಲ್.ಸಿ. ಓದಿದ ಹುಡುಗ. ಆವಾಗ ಈಗಿನ ಹಾಗೆ ಬಟನ್ ಒತ್ತಿದರೆ ಚೀಟಿ ಬರುತ್ತಿರಲಿಲ್ಲ. ಗರ್ಬರ್ ವಿಧಾನ. ಬ್ಯುಟಿರೋಮೀಟರ್ ಅನ್ನುವ ಗಾಜಿನ ಕೊಳವೆಗೆ ಹತ್ತು ಎಂ.ಎಲ್. ಗಂಧಕಾಮ್ಲ, ಅದರ ಮೇಲೆ ಪಿಪೆಟ್ಟಿನಲ್ಲಿ 10.75 ಎಂ.ಎಲ್. ಹಾಲು, ಒಂದು ಎಂ.ಎಲ್. ಅಮೈಲ್ ಆಲ್ಕೊಹಾಲ್. ಬಿರಡೆ ಹಾಕಿ ಅಲ್ಲಾಡಿಸಿದರೆ ಕೊಳವೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಕೈಯಿಂದ ತಿರುಗಿಸುವುದು, ಬಿಸಿ ನೀರಿನಲ್ಲಿ ಇಡುವುದು, ಗೆರೆ ಓದುವುದು. ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಅವನ ಅಂಗಿಗಳಲ್ಲೆಲ್ಲ ಆಸಿಡ್ ತೂತು. ಒಂದು ಜೊತೆ ಕೈಗವಸು, ಆಸಿಡ್ ಬಾಟಲಿ ಇಡಲು ಒಂದು ಬೀಗದ ಕಪಾಟು ಬೇಕು ಅಂತ ಮೂರು ಸಲ ಕೇಳಿದ. ಬಾಟಲಿಯನ್ನು ಕಿಟಕಿಯ ಕಟ್ಟೆ ಮೇಲೆ ಇಡುತ್ತಿದ್ದೆವು, ಹಾಲು ತರುವ ಮಕ್ಕಳ ಕೈಗೆಟಕುವ ಹಾಗೆ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂತ ನಾನೇ ಮೂರು ಸಲವೂ ಹೇಳಿದೆ.

ಒಂದು ಸಂಜೆ ಒಬ್ಬ ನಿರ್ದೇಶಕರ ಮನೆಯ ಹಾಲಿಗೆ ಫ್ಯಾಟು ಕಡಿಮೆ ಬಂತು. ಬೆಳಗಿನ ಹಾಲಿಗಿಂತ ಸಂಜೆ ಹಾಲಿಗೆ ಸಾಮಾನ್ಯವಾಗಿ ಫ್ಯಾಟು ಜಾಸ್ತಿ ಅಂತ ಅವರಿಗೂ ಗೊತ್ತು. ಆದ್ದರಿಂದ ಟೆಸ್ಟರೇ ಏನೋ ಮಾಡಿದ್ದಾನೆ ಅಂತ ಅವರ ವಾದ. ಕರು ಕೊನೆಯ ಹಾಲನ್ನು ಕುಡಿದುಬಿಟ್ಟರೂ ಫ್ಯಾಟು ಬೀಳುತ್ತದೆ, ಮೊದಲು ಕರೆದ ಹಾಲು ತೆಳು, ಕೊನೆಯಲ್ಲಿ ಕರೆದದ್ದು ಗಟ್ಟಿ, ಇದು ಹಸು ಸಾಕಿದವರಿಗೆಲ್ಲ ಗೊತ್ತಿರುವ ವಿಷಯ. ಹುಡುಗ ಅದನ್ನೇ ವಿನಯವಾಗಿ ಹೇಳಿದ, ಬೇಕಾದರೆ ನಿಮ್ಮೆದುರಿಗೇ ಇನ್ನೊಂದು ಸಲ ಟೆಸ್ಟ್ ಮಾಡುತ್ತೇನೆ ಅಂದ. ಅವರು ಕೇಳಲಿಲ್ಲ. ಸಾಲಿನಲ್ಲಿ ಐವತ್ತು ಅರವತ್ತು ಜನ ನಿಂತಿದ್ದಾಗ, ನಮ್ಮ ಅನ್ನ ತಿಂದು ನಮಗೇ ಮೋಸ ಮಾಡ್ತೀಯಾ ಅಂತ ಅಂದುಬಿಟ್ಟರು. ಮುಂದಿನ ಮೀಟಿಂಗಿನಲ್ಲಿ ಅವನಿಗೆ ಮೆಮೊ ಕೊಡಬೇಕು ಅಂತ ತೀರ್ಮಾನವಾಯಿತು. ಮೆಮೊ ಟೈಪ್ ಮಾಡಿಸಿ ಸಹಿ ಹಾಕಿದವನು ಈ ನಾನೇ. ಹುಡುಗನದು ತಪ್ಪಿಲ್ಲ ಅಂತ ನನಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಇಂಕ್ರಿಮೆಂಟು ಅದೇ ಮೀಟಿಂಗಿನಲ್ಲಿ ಇತ್ತು.

ಹುಡುಗ ಜಗಳ ಮಾಡಲಿಲ್ಲ. ಮಾರನೇ ದಿನದಿಂದ ಹೊತ್ತಿಗೆ ಸರಿಯಾಗಿ ಬಂದ, ಹೊತ್ತಿಗೆ ಸರಿಯಾಗಿ ಹೋದ. ಒಂದು ತಿಂಗಳಾದ ಮೇಲೆ ರಿಜಿಸ್ಟರ್ ನೋಡುತ್ತೇನೆ, ಊರಿನ ಹಾಲೆಲ್ಲ ಒಂದೇ! ಇವರಿಗೆ 3.8, ಅವರಿಗೆ 3.8, ಬಡಕಲು ಹಸುವಿಗೂ 3.8, ಹಿಂಡಿ ತಿಂದ ಹಸುವಿಗೂ 3.8. ಯಾರಿಂದಲೂ ತಕರಾರಿಲ್ಲ. ಆಡಳಿತ ಮಂಡಳಿಗೂ ಸಂತೋಷ, ಟೆಸ್ಟರ್ ಈಗ ಸುಧಾರಿಸಿದ್ದಾನೆ ಅಂದರು.

ಏನಾಯಿತು ನೋಡಿ. ನೀರು ಬೆರೆಸುವವನಿಗೆ ಲಾಭವಾಯಿತು. ಒಳ್ಳೆ ಹಾಲು ಹಾಕುತ್ತಿದ್ದ ನಾಲ್ಕಾರು ಮನೆಯವರು, ಎಲ್ಲಾ ಒಂದೇ ರೇಟಾದರೆ ನಮಗೇನು ಅಂತ ಗಟ್ಟಿ ಹಾಲನ್ನು ಹೋಟೆಲಿಗೆ ಹಾಕಿ, ಉಳಿದದ್ದನ್ನು ಸಂಘಕ್ಕೆ ತಂದರು. ಡೈರಿಯಲ್ಲಿ ನಮ್ಮ ಕ್ಯಾನಿನ ಹಾಲು ಪರೀಕ್ಷೆ ಮಾಡಿದರೆ ನಾವು ಬರೆದ ಫ್ಯಾಟು ಬರುತ್ತಿರಲಿಲ್ಲ. ನಾವು ರೈತರಿಗೆ ಕೊಟ್ಟದ್ದು ಒಂದು ಲೆಕ್ಕ, ಒಕ್ಕೂಟದಿಂದ ನಮಗೆ ಬಂದದ್ದು ಇನ್ನೊಂದು ಲೆಕ್ಕ. ವರ್ಷದ ಕೊನೆಗೆ ಆಡಿಟಿನಲ್ಲಿ ನಷ್ಟ. ಆ ವರ್ಷ ಉತ್ಪಾದಕರಿಗೆ ಬೋನಸ್ ಇಲ್ಲ. ಯಾವ ನಿರ್ದೇಶಕರು ಕೂಗಾಡಿದ್ದರೋ ಅವರೇ ಮಹಾಸಭೆಯಲ್ಲಿ ಎದ್ದು ನಷ್ಟಕ್ಕೆ ಕಾರಣವೇನು ಅಂತ ಕೇಳಿದರು.

ಆ ಹುಡುಗ ಸೋಮಾರಿಯಾಗಿರಲಿಲ್ಲ, ಕಳ್ಳನೂ ಅಲ್ಲ. ನಿಜ ಬರೆದರೆ ಪೆಟ್ಟು, ಸುಳ್ಳು ಬರೆದರೆ ನೆಮ್ಮದಿ ಅಂತ ನಾವೇ ಅವನಿಗೆ ಕಲಿಸಿದ್ದೆವು. ಚೆನ್ನಾಗಿ ಕಲಿತುಕೊಂಡ.

ಮುಂದಿನ ವರ್ಷ ಅವನು ಬೆಂಗಳೂರಿಗೆ ಹೊರಟುಹೋದ. ಆಮೇಲೆ ಬಂದ ಅಧ್ಯಕ್ಷರು ಹೆಚ್ಚು ಓದಿದವರಲ್ಲ, ಆದರೆ ತಿಳಿದವರು. ಅವರು ಮೂರೇ ಕೆಲಸ ಮಾಡಿದರು. ಯಾರಿಗೆ ಅನುಮಾನ ಬಂದರೂ ಅದೇ ಹಾಲಿನ ಎರಡನೇ ಸ್ಯಾಂಪಲ್ಲನ್ನು ಅವರ ಎದುರಿಗೇ ಟೆಸ್ಟ್ ಮಾಡುವುದು, ಅಲ್ಲಿಗೆ ಮಾತು ಮುಗಿಯಿತು. ಯಾವ ನಿರ್ದೇಶಕರೂ ಟೆಸ್ಟಿಂಗ್ ಕೋಣೆಯ ಹೊಸ್ತಿಲು ದಾಟುವ ಹಾಗಿಲ್ಲ, ಹೇಳುವುದಿದ್ದರೆ ಕಾರ್ಯದರ್ಶಿಗೆ ಬರವಣಿಗೆಯಲ್ಲಿ. ಮೂರನೆಯದನ್ನು ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು: ತಮ್ಮ ಮನೆ ಹಾಲಿನ ಕ್ಯಾನು ತಾವೇ ತಂದು ಸಾಲಿನ ಕೊನೆಯಲ್ಲಿ ನಿಂತರು. ಒಂದು ದಿನ ಅವರ ಹಾಲಿಗೇ ಫ್ಯಾಟು ಕಡಿಮೆ ಬಂತು. ಹೊಸ ಟೆಸ್ಟರ್ ಹೆದರಿ ಅವರ ಮುಖ ನೋಡಿದ. "ಬಂದದ್ದು ಬರಿಯಪ್ಪ" ಅಂದರು. ಅವತ್ತಿನಿಂದ ಆ ಸಂಘದಲ್ಲಿ ಯಾರೂ ಟೆಸ್ಟರನ್ನು ಏಕವಚನದಲ್ಲಿ ಬೈದದ್ದು ನಾನು ಕೇಳಲಿಲ್ಲ.

ಎಷ್ಟೋ ವರ್ಷದ ನಂತರ ಮೊದಲಿನ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ತಲೆ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸುತ್ತಾನೆ ಅಂದುಕೊಂಡೆ. ಹತ್ತಿರ ಬಂದು ಕಾಫಿ ಕುಡಿಸಿದ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಆಸಿಡ್ ಬಾಟ್ಲು ಈಗ್ಲೂ ಕಿಟಕಿ ಮೇಲೇ ಇಡ್ತೀರಾ?" ನನಗೆ ಉತ್ತರ ಹೊಳೆಯಲಿಲ್ಲ. ಮೆಮೊ ಸಂಗತಿ ಅವನು ಎತ್ತಲೇ ಇಲ್ಲ.

ಈಗ ನಿರ್ದೇಶಕರ ಕಡೆ ತಿರುಗಿ ಒಂದು ಮಾತು. ಸಹಕಾರ ಸಂಘದಲ್ಲಿ ಯಜಮಾನ ಒಬ್ಬನಲ್ಲ, ಅದೇ ನಮ್ಮ ಶಕ್ತಿ, ಅದೇ ತೊಂದರೆ. ಖಾಸಗಿ ಅಂಗಡಿಯ ನೌಕರನಿಗೆ ಒಬ್ಬ ಧಣಿ. ನಮ್ಮ ನೌಕರನಿಗೆ ನೂರೈವತ್ತು ಸದಸ್ಯರಿದ್ದರೆ ನೂರೈವತ್ತು ಧಣಿಗಳು, ಅದರಲ್ಲಿ ಅರ್ಧ ಅವನ ನೆಂಟರು. ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಬದಲಾಗುತ್ತದೆ, ಹಿಂದಿನವರ ಕಾಲದಲ್ಲಿ ಸೇರಿದವನು ಹಿಂದಿನವರ ಮನುಷ್ಯ ಅನ್ನಿಸಿಕೊಳ್ಳುತ್ತಾನೆ. ಆದ್ದರಿಂದ ಆಡಳಿತ ಮಂಡಳಿಯ ಕೆಲಸ ಯಾವುದು, ನೌಕರನ ಕೆಲಸ ಯಾವುದು ಎಂಬ ಗೆರೆ ನಮ್ಮಲ್ಲಿ ಬೇರೆ ಕಡೆಗಿಂತ ದಪ್ಪವಾಗಿ ಇರಬೇಕು.

ಆಣಂದದ ಉದಾಹರಣೆ ಎಲ್ಲರಿಗೂ ಗೊತ್ತು. ಆದರೆ ನಾವು ನೆನೆಯುವುದು ಕುರಿಯನ್ ಅವರನ್ನು ಮಾತ್ರ. ಖೇಡಾ ಜಿಲ್ಲೆಯ ಹಾಲು ಒಕ್ಕೂಟ 1946ರಲ್ಲಿ ನೋಂದಣಿಯಾದಾಗ ಕುರಿಯನ್ ಅಲ್ಲಿ ಇರಲಿಲ್ಲ. ಅದರ ಸ್ಥಾಪಕ ಅಧ್ಯಕ್ಷರು ತ್ರಿಭುವನದಾಸ್ ಪಟೇಲರು. ಕುರಿಯನ್ ಬಂದದ್ದು 1949ರಲ್ಲಿ, ಸರ್ಕಾರಿ ಕ್ರೀಮರಿಯ ನೌಕರಿಗೆ. ಯಾವಾಗ ಬಿಟ್ಟುಹೋದೇನು ಅಂತ ಕಾಯುತ್ತಿದ್ದವರು. ಹೊರಟು ನಿಂತವರನ್ನು, ಯಂತ್ರಗಳನ್ನು ಸರಿಮಾಡಿಕೊಟ್ಟು ಹೋಗಿ ಅಂತ ಉಳಿಸಿಕೊಂಡವರು ಪಟೇಲರು. ಉಳಿಸಿಕೊಂಡ ಮೇಲೆ ಇನ್ನೂ ದೊಡ್ಡ ಕೆಲಸ ಮಾಡಿದರು: ಹಳ್ಳಿಗಳನ್ನು, ರೈತರನ್ನು, ರಾಜಕೀಯವನ್ನು ತಾವು ನೋಡಿಕೊಂಡರು, ಡೈರಿ ನಡೆಸುವುದನ್ನು ನೌಕರನಿಗೆ ಬಿಟ್ಟುಕೊಟ್ಟರು. ಕುರಿಯನ್ ತಮ್ಮ ಗೆಳೆಯ ದಲಾಯರನ್ನು ಕರೆತಂದರು. ಎಮ್ಮೆ ಹಾಲಿನಿಂದ ಪುಡಿ ಮಾಡಲು ಬರುವುದಿಲ್ಲ ಅಂತ ಪರದೇಶದ ತಜ್ಞರು ಹೇಳುತ್ತಿದ್ದಾಗ ಆ ದಲಾಯರು ಮಾಡಿ ತೋರಿಸಿದರು. 1963ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಕುರಿಯನ್ನರ ಜೊತೆ ಪಟೇಲರ ಹೆಸರೂ ಇತ್ತು. ಕುರಿಯನ್ 2012ರಲ್ಲಿ ತೀರಿಕೊಂಡರು. ಕೊನೆವರೆಗೂ ತಮ್ಮನ್ನು ರೈತರ ನೌಕರ ಅಂತಲೇ ಹೇಳಿಕೊಂಡರು. ಅಂಥ ನೌಕರ ಸಿಗಬೇಕು ಅಂತ ಎಲ್ಲಾ ಸಂಘಗಳೂ ಆಸೆಪಡುತ್ತವೆ. ಅಂಥ ಅಧ್ಯಕ್ಷರೂ ಬೇಕಲ್ಲ?

ನೌಕರರಿಗೂ ಒಂದು ಮಾತಿದೆ, ಬರೀ ಮಂಡಳಿಗೆ ಹೇಳಿ ಹೋದರೆ ಪಕ್ಷಪಾತವಾದೀತು. ಈಗ ಯಂತ್ರ ಬಂದಿದೆ. ಹಾಲು ಸುರಿದರೆ ಫ್ಯಾಟು, ಎಸ್.ಎನ್.ಎಫ್., ತೂಕ, ಬೆಲೆ ಎಲ್ಲಾ ಚೀಟಿಯಲ್ಲಿ ಬರುತ್ತದೆ, ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತದೆ. ಇನ್ನು ನಮ್ಮದೇನು ಕೆಲಸ, ಬಟನ್ ಒತ್ತುವುದು ಅಂತ ಎಷ್ಟೋ ಹುಡುಗರು ಅನ್ನುತ್ತಾರೆ. ಆ ಯಂತ್ರವನ್ನು ಪ್ರತಿ ಸರದಿ ಮುಗಿದ ಮೇಲೆ ತೊಳೆಯದಿದ್ದರೆ, ಆಗಾಗ ಗೊತ್ತಿರುವ ಸ್ಯಾಂಪಲ್ ಹಾಕಿ ತಾಳೆ ನೋಡದಿದ್ದರೆ, ಅದೂ ನಮ್ಮ ಹಳೇ ಹುಡುಗನ ಹಾಗೆ 3.8 ಬರೆಯಲು ಶುರುಮಾಡುತ್ತದೆ. ಮತ್ತೆ, ಊರಿನ ಪ್ರತಿಯೊಂದು ಹಸುವಿನ ಜಾತಕ ದಿನಕ್ಕೆರಡು ಸಲ ನಿಮ್ಮ ಕಣ್ಣ ಮುಂದೆ ಹಾದುಹೋಗುತ್ತದೆ. ಒಬ್ಬ ತಾಯಿಯ ಹಾಲು ಇದ್ದಕ್ಕಿದ್ದ ಹಾಗೆ ಇಳಿದರೆ, "ಅಮ್ಮಾ, ಕೆಚ್ಚಲು ನೋಡಿದ್ಯಾ, ಬಾವು ಏನಾದ್ರೂ ಇದ್ಯಾ?" ಅಂತ ಕೇಳಿ. ಆ ಒಂದು ಪ್ರಶ್ನೆಯಿಂದ ಒಂದು ಹಸು ಉಳಿದರೆ ಆ ಮನೆಯವರು ನಿಮ್ಮನ್ನು ಮರೆಯುವುದಿಲ್ಲ. ಹರ್ಜ್‌ಬರ್ಗ್ ಹೇಳಿದ ಹುರುಪು ಅಂದರೆ ಇದೇ. ಮಂಡಳಿಯವರು ಇಂಥ ಹುಡುಗರನ್ನು ಒಕ್ಕೂಟದ ತರಬೇತಿಗಳಿಗೆ ಕಳಿಸಬೇಕು. ತರಬೇತಿಗೆ ನಿರ್ದೇಶಕರೇ ಹೋಗಿ ಬರುವ ಪದ್ಧತಿ ಕೆಲವು ಕಡೆ ಇದೆ, ಊಟ ಚೆನ್ನಾಗಿರುತ್ತದೆ ಅಂತ.

ರಜದ ವಿಷಯ. ಹಸುವಿಗೆ ಯುಗಾದಿ ಗೊತ್ತಿಲ್ಲ, ಆದ್ದರಿಂದ ಸಂಘಕ್ಕೂ ರಜವಿಲ್ಲ. ಸರಿ. ಆದರೆ ಸಂಘಕ್ಕೆ ರಜವಿಲ್ಲದಿದ್ದರೆ ಮನುಷ್ಯನಿಗೂ ರಜವಿಲ್ಲ ಅಂತ ಅರ್ಥವಲ್ಲ. ತಂಗಿ ಮದುವೆಯ ಧಾರೆ ಮುಗಿಸಿ ಊಟಕ್ಕೂ ನಿಲ್ಲದೆ ಸಂಜೆ ಹಾಲಿಗೆ ಓಡಿಬಂದ ಸಹಾಯಕರನ್ನು ನಾನು ನೋಡಿದ್ದೇನೆ. ಅಕ್ಕಪಕ್ಕದ ಮೂರು ನಾಲ್ಕು ಸಂಘಗಳು ಸೇರಿ ಒಬ್ಬ ಬದಲಿ ಟೆಸ್ಟರನ್ನು ತಯಾರು ಮಾಡಿಕೊಂಡರೆ ಪ್ರತಿಯೊಬ್ಬ ನೌಕರನಿಗೂ ವಾರಕ್ಕೊಂದು ದಿನ ಬಿಡುವು ಕೊಡಬಹುದು. ಕಷ್ಟದ ಕೆಲಸವಲ್ಲ, ಯಾರಾದರೂ ಒಬ್ಬರು ಮೊದಲು ಮಾತೆತ್ತಬೇಕು.

ಕೊನೆಗೆ ನಾನು ನಿಜವಾಗಿ ಹೇಳಬೇಕು ಅಂತ ಬಂದ ವಿಷಯ. ನಮ್ಮ ಹಳ್ಳಿ ಸಂಘದಲ್ಲಿ ಮೂರು ನಾಲ್ಕು ಜನ ನೌಕರರು. 1952ರ ಭವಿಷ್ಯನಿಧಿ ಕಾಯ್ದೆ ಗೆರೆ ಎಳೆದದ್ದು ಇಪ್ಪತ್ತು ಜನಕ್ಕೆ. 1972ರ ಗ್ರಾಚ್ಯುಟಿ ಕಾಯ್ದೆ ಎಳೆದದ್ದು ಹತ್ತು ಜನಕ್ಕೆ. ಎರಡೂ ಗೆರೆಯ ಈಚೆ ನಾವು. ಹೀಗಾಗಿ ಮೂವತ್ತು ವರ್ಷ ಹಾಲು ಅಳೆದವನು ಅರವತ್ತು ವರ್ಷಕ್ಕೆ ಮನೆಗೆ ಹೋಗುವಾಗ ಕೈಯಲ್ಲಿ ಶಾಲು, ಹಣ್ಣಿನ ಬುಟ್ಟಿ. ಕಾನೂನು ಕೊಡು ಅನ್ನುವುದಿಲ್ಲ, ನಿಜ. ಕೊಡಬೇಡ ಅಂತಲೂ ಅನ್ನುವುದಿಲ್ಲ.

ಒಂದು ಲೆಕ್ಕ ಮಾಡೋಣ. ದಿನಕ್ಕೆ 400 ಲೀಟರ್ ಹಾಲು ಬರುವ ಸಂಘ ಅಂತ ಇಟ್ಟುಕೊಳ್ಳಿ. ಸಂಘಕ್ಕೆ ಉಳಿಯುವ ಕಮಿಷನ್ನಿನಲ್ಲಿ ಲೀಟರಿಗೆ ಹತ್ತು ಪೈಸೆ ತೆಗೆದಿಟ್ಟರೆ ದಿನಕ್ಕೆ 40 ರೂಪಾಯಿ, ವರ್ಷಕ್ಕೆ 14,600 ರೂಪಾಯಿ. ಮೂವರು ನೌಕರರಿಗೆ ಹಂಚಿದರೆ ತಲಾ 4,866. ಅದನ್ನು ಅವರವರ ಹೆಸರಿನಲ್ಲಿ ಡಿ.ಸಿ.ಸಿ. ಬ್ಯಾಂಕಿನಲ್ಲಿ ಆರ್.ಡಿ. ಕಟ್ಟಬಹುದು. ನಲವತ್ತು ವರ್ಷದೊಳಗಿನ ಹುಡುಗನಾದರೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ ಕಂತು ಕಟ್ಟಬಹುದು, ಅರವತ್ತರ ನಂತರ ತಿಂಗಳಿಗೆ ಸಾವಿರದಿಂದ ಐದು ಸಾವಿರದವರೆಗೆ, ಕಟ್ಟಿದ್ದರ ಮೇಲೆ, ಪಿಂಚಣಿ ಬರುತ್ತದೆ. ಸಂಘ ಅರ್ಧ, ನೌಕರ ಅರ್ಧ ಅಂತ ಮಾಡಿದರೂ ಆದೀತು. ಬೇಗ ಶುರು ಮಾಡಿದಷ್ಟೂ ಕಂತು ಕಡಿಮೆ. ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 2008ರಲ್ಲಿ ಎರಡು ರೂಪಾಯಿ ಅಂತ ಶುರುವಾಗಿ, 2013ರಲ್ಲಿ ನಾಲ್ಕಾಗಿ, 2016ರಲ್ಲಿ ಐದಾಯಿತು. ಪ್ರತಿಸಲವೂ ನಾವೆಲ್ಲ ಪಟಾಕಿ ಹೊಡೆದೆವು. ಆ ಹಾಲನ್ನು ಅಳೆದು ಬರೆದವನಿಗೆ ಹತ್ತು ಪೈಸೆ ಅಂದರೆ ಮಾತ್ರ ಮೀಟಿಂಗಿನಲ್ಲಿ ಎರಡು ಗಂಟೆ ಚರ್ಚೆ.

ಇದರ ಜೊತೆಗೆ ಸೇವಾ ನಿಯಮಗಳನ್ನು ಬರೆದಿಡಿ. ನೇಮಕದ ಪತ್ರ ಕೊಡಿ. ಸಂಬಳ ಯಾವ ತಾರೀಖು, ವರ್ಷಕ್ಕೆ ಎಷ್ಟು ಏರುತ್ತದೆ, ತಪ್ಪು ಮಾಡಿದರೆ ವಿಚಾರಣೆ ಹೇಗೆ, ಎಲ್ಲಾ ಕಾಗದದಲ್ಲಿ ಇರಲಿ. ಮುಂದಿನ ಚುನಾವಣೆಯಲ್ಲಿ ಯಾರು ಗೆದ್ದರೂ ಆ ಕಾಗದ ಬದಲಾಗಬಾರದು. ನನ್ನ ಕಾಲದಲ್ಲಿ ಅಂಥ ಒಂದು ಕಾಗದ ಇದ್ದಿದ್ದರೆ ಆ ಮೆಮೊಗೆ ಸಹಿ ಹಾಕುವ ಮುಂಚೆ ನಾನು ಅದನ್ನು ತೆಗೆದು ತೋರಿಸಬಹುದಿತ್ತು. ಧೈರ್ಯ ಇಲ್ಲದವರಿಗೂ ಕಾಗದ ಒಂದು ಧೈರ್ಯ.

ನಿಮ್ಮ ಅಧ್ಯಕ್ಷರು ಇಲ್ಲಿಗೆ ಬರುವಾಗ ದಾರಿಯಲ್ಲಿ ಹೇಳಿದರು, ಬೆಳ್ಳಿಹಬ್ಬದ ಉಳಿಕೆ ಹಣದಲ್ಲಿ ಸಂಘದ ಮುಂದೆ ಕಮಾನು ಕಟ್ಟಿಸಬೇಕು ಅಂತಿದ್ದೀವಿ ಅಂತ. ಕಮಾನು ಬೇಡ ಅನ್ನಲು ನಾನು ಯಾರು? ಆದರೆ ಈಗ ಹೇಳಿದ ಲೆಕ್ಕವನ್ನು ಮುಂದಿನ ಸಭೆಯ ನಡವಳಿ ಪುಸ್ತಕದಲ್ಲಿ ಕಮಾನಿನ ವಿಷಯಕ್ಕಿಂತ ಒಂದು ನಂಬರ್ ಮೇಲೆ ಬರೆದುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ನಿಮ್ಮ ಟೆಸ್ಟರ್ ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡರು, ಪೇಟ ತೆಗೆದು ಪಕ್ಕದಲ್ಲಿ ಇಟ್ಟಿದ್ದಾರೆ. ಸಂಜೆ ಹಾಲಿನ ಹೊತ್ತಾಯಿತು. ಅವರನ್ನು ಬಿಟ್ಟುಬಿಡೋಣ.